ಮಕ್ಕಳಿಗೆ ಕ್ಯೂಡೊ ಪರಿಚಯಿಸುವುದು ಹೇಗೆ? ನವೆಂಬರ್ 3ರ ಪ್ರದರ್ಶನಕ್ಕೆ ಸಲಹೆ ಬೇಕು

ತ್ಸುಕುಬಾ ಕನ್ನಡತಿ:

ಎಲ್ಲರಿಗೂ ನಮಸ್ಕಾರ.

ನಾನು ಜಪಾನಿನ ಇಬಾರಾಕಿ ಪ್ರಾಂತ್ಯದಲ್ಲಿ ಕುಟುಂಬದೊಂದಿಗೆ ಇದ್ದೇನೆ. ಮನೆಗೆ ಹತ್ತಿರವಿರುವ ನಗರಸಭೆಯ ಡೊಜೊದಲ್ಲಿ (ಅಭ್ಯಾಸ ಮಂದಿರದಲ್ಲಿ) ಕ್ಯೂಡೊ, ಅಂದರೆ ಇಲ್ಲಿಯ ಸಾಂಪ್ರದಾಯಿಕ ಬಿಲ್ವಿದ್ಯೆ, ಕಲಿಯುತ್ತಿದ್ದೇನೆ. ಹೋದ ವರ್ಷ ಮೊದಲ ದಾನ್, ಅಂದರೆ ಮೊದಲ ದರ್ಜೆ, ಆಯಿತು. ನವೆಂಬರ್ 3 ಇಲ್ಲಿ ಸಂಸ್ಕೃತಿ ದಿನ, ಸಾರ್ವಜನಿಕ ರಜೆ. ಅಂದು ನಮ್ಮ ಡೊಜೊದಲ್ಲಿ ಊರಿನವರಿಗಾಗಿ ಪ್ರದರ್ಶನವಿರುತ್ತದೆ. ಈ ಸಲ ಸುತ್ತಲಿನ ಪ್ರಾಥಮಿಕ ಶಾಲೆಗಳ ಮಕ್ಕಳನ್ನೂ ಕರೆಯೋಣ ಎಂದು ಹಿರಿಯರು ತೀರ್ಮಾನಿಸಿ, ಮಕ್ಕಳ ಭಾಗವನ್ನು ಪೂರ್ತಿಯಾಗಿ ನನಗೆ ವಹಿಸಿದ್ದಾರೆ. ಇಲ್ಲಿ ಸಂಶೋಧನಾ ಸಂಸ್ಥೆಗಳು ಹೆಚ್ಚು. ಹಾಗಾಗಿ ಬರುವ ಮಕ್ಕಳಲ್ಲಿ ಹೊರದೇಶದವರೂ ಇರುತ್ತಾರೆ, ನಮ್ಮ ಕನ್ನಡದ ಮಕ್ಕಳೂ ಇರುತ್ತಾರೆ.

ಸುಮಾರು ಮೂವತ್ತು ಮಕ್ಕಳು, ಆರರಿಂದ ಹನ್ನೆರಡು ವರ್ಷದವರು. ಸಮಯ ಒಂದೂವರೆ ಗಂಟೆ. ಬಾಣ ಬಿಡುವ ಜಾಗದಿಂದ ಗುರಿಗೆ ಎಂದಿನ 28 ಮೀಟರ್. ಒಂದು ಪಕ್ಕದಲ್ಲಿ ಮಾಕಿವಾರಾ ಇದೆ. (ಗೊತ್ತಿಲ್ಲದವರಿಗೆ: ಹುಲ್ಲನ್ನು ಬಿಗಿಯಾಗಿ ಸುತ್ತಿ ಕಟ್ಟಿದ ದಪ್ಪನೆಯ ಕಂತೆ. ಬಿಲ್ಲಿನ ಉದ್ದದಷ್ಟೇ ದೂರದಲ್ಲಿ ನಿಂತು ಅದಕ್ಕೆ ಬಾಣ ಬಿಟ್ಟು ಅಭ್ಯಾಸ ಮಾಡುತ್ತೇವೆ.)

ನನಗೆ ತೋಚದೆ ಇರುವುದು ಇಷ್ಟು. ಮೊದಲು ವಿವರಿಸಿ ಆಮೇಲೆ ತೋರಿಸುವುದೋ, ತೋರಿಸಿ ಆಮೇಲೆ ಹೇಳುವುದೋ? ಹಿರಿಯರ ವಿಧಿಬದ್ಧ ಪ್ರಯೋಗ ಬಹಳ ನಿಧಾನ; ಚಿಕ್ಕ ಮಕ್ಕಳು ಅಷ್ಟು ಹೊತ್ತು ಕೂರುತ್ತಾರೆಯೇ? ಎಲ್ಲರ ಕೈಗೂ ಬಿಲ್ಲು ಕೊಡಬೇಕೆ? ಗುರಿಗೆ ತಾಗುವುದಕ್ಕಿಂತ ನಿಲುವು, ಮನಸ್ಸು ಮುಖ್ಯ ಎಂದು ನಮಗೆ ಕಲಿಸುತ್ತಾರಲ್ಲ, ಅದನ್ನು ಏಳು ವರ್ಷದ ಮಗುವಿಗೆ ಹೇಗೆ ಹೇಳುವುದು? ಜೊತೆಗೆ ನನ್ನ ಮಗಳು ಎಡಚಿ. ಈಗಲೇ ಮನೆಯಲ್ಲಿ ಪೊರಕೆ ಕಡ್ಡಿ ಹಿಡಿದು ಬಲಗೈಯಲ್ಲಿ ಬಿಲ್ಲು, ಎಡಗೈಯಲ್ಲಿ ಬಾಣ ಎಂದು ಅಭ್ಯಾಸ ಶುರು ಮಾಡಿದ್ದಾಳೆ.

ಇಲ್ಲಿ ಯಾರಾದರೂ ಇಂಥದ್ದನ್ನು ನಡೆಸಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.


ಶಿರಸಿ–ಕ್ಯೋಟೊ:

ತಂಗಿ, ನಿಮ್ಮ ಹಿರಿಯರು ಸರಿಯಾದವರಿಗೇ ವಹಿಸಿದ್ದಾರೆ. ಹೊಸದಾಗಿ ದಾನ್ ಪಡೆದವರಿಗೆ ಈ ವಿದ್ಯೆಯಲ್ಲಿ ತಮ್ಮನ್ನು ಮೊದಲು ಹಿಡಿದು ನಿಲ್ಲಿಸಿದ್ದು ಏನು ಎಂಬುದು ಇನ್ನೂ ಚೆನ್ನಾಗಿ ನೆನಪಿರುತ್ತದೆ. ಕ್ಯೋಟೊದ ನಮ್ಮ ಡೊಜೊದಲ್ಲಿ ವಸಂತದ ಪ್ರದರ್ಶನ ಬಂತೆಂದರೆ ಮಕ್ಕಳ ಉಸ್ತುವಾರಿ ನನ್ನದೇ, ಬಹಳ ಕಾಲದಿಂದ. ಆದ್ದರಿಂದ ಉದ್ದವಾದರೂ ಚಿಂತೆಯಿಲ್ಲ ಎಂದು ಬರೆಯುತ್ತಿದ್ದೇನೆ.

ನಾನು ಹೇಳುವುದು ಒಂದೇ ಮಾತು: ಮಕ್ಕಳಿಗೆ ಕೆಲಸ ಕೊಡಿ.

ಸಾಮಾನ್ಯವಾಗಿ ಏನಾಗುತ್ತದೆ? ಧ್ವನಿವರ್ಧಕ ಹಿಡಿದು ಒಬ್ಬರು ಇತಿಹಾಸ ಹೇಳುತ್ತಾರೆ. ದೊಡ್ಡವರು ಬಾಣ ಬಿಡುತ್ತಾರೆ. ಕೊನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಲೆಗೊಂದು ಬಾಣ. ಮೂವತ್ತು ಮಕ್ಕಳಿದ್ದರೆ ಒಂದು ಮಗು ಇಪ್ಪತ್ತೊಂಬತ್ತು ಮಕ್ಕಳ ಬೆನ್ನು ನೋಡುತ್ತ ನಿಲ್ಲಬೇಕು. ಸರದಿ ಬಂದಾಗ ಹಿಂದಿನಿಂದ ಒಬ್ಬ ದೊಡ್ಡವರು ಎರಡೂ ಕೈ ಹಿಡಿದುಕೊಂಡು ಎಳೆದು ಬಿಡಿಸುತ್ತಾರೆ. ಆ ಬಾಣ ಮಗುವಿನದಲ್ಲ, ದೊಡ್ಡವರದು. ಮಗುವಿಗೆ ಅದು ಗೊತ್ತೂ ಆಗುತ್ತದೆ. ನನಗೆ ಆ ಸಾಲನ್ನು ಕಂಡರೆ ಸಂಕಟವಾಗುತ್ತದೆ.

ಬಾಣ ಬಿಡುವುದು ಡೊಜೊದ ಕೆಲಸಗಳಲ್ಲಿ ಒಂದು ಮಾತ್ರ. ಗುರಿಗೆ ಕಾಗದ ಅಂಟಿಸಬೇಕು, ಗುರಿ ನಿಲ್ಲಿಸುವ ಮರಳಿನ ದಿಬ್ಬಕ್ಕೆ ನೀರು ಚಿಮುಕಿಸಿ ಸಮ ಮಾಡಬೇಕು, ಬಿಟ್ಟ ಬಾಣಗಳನ್ನು ತರಬೇಕು, ಒರೆಸಬೇಕು, ಯಾವುದು ತಾಗಿತು ಯಾವುದು ತಪ್ಪಿತು ಎಂದು ಬರೆಯಬೇಕು. ಇವೆಲ್ಲ ನಾವೇ ಮೊದಲ ವರ್ಷ ಮಾಡಿದ ಕೆಲಸಗಳು. ಇವುಗಳಲ್ಲಿ ಮಕ್ಕಳ ಕೈಗೆ ಆಗದ್ದು ಯಾವುದೂ ಇಲ್ಲ.

ಮೊದಲು ಗುರಿಯ ಕೆಲಸ ಹೇಳುತ್ತೇನೆ. ಮಾತೊ ಎಂದರೆ ತೆಳು ಮರದ ಬಳೆ, ಅಡ್ಡಳತೆ 36 ಸೆಂಟಿಮೀಟರ್. ಅದರ ಅಂಚಿಗೆ ಅಂಟು ಬಳಿಯಬೇಕು, ಕಪ್ಪು ವರ್ತುಲಗಳಿರುವ ಕಾಗದವನ್ನು ಮೇಲೆ ಹಾಸಿ, ನಾಲ್ಕೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಳೆಯುತ್ತ ಅಂಚನ್ನು ಕೆಳಗೆ ಮಡಚಿ ಒತ್ತಬೇಕು. ಒಂದೇ ಕಡೆ ಜೋರಾಗಿ ಎಳೆದರೆ ವರ್ತುಲಗಳು ಓರೆಯಾಗುತ್ತವೆ, ಸಡಿಲ ಬಿಟ್ಟರೆ ಸುಕ್ಕು ಬೀಳುತ್ತದೆ. ಮೂರು ಮಕ್ಕಳಿಗೆ ಒಂದು ಬಳೆ ಕೊಡಿ: ಇಬ್ಬರು ಹಿಡಿದುಕೊಳ್ಳಲಿ, ಒಬ್ಬರು ಒತ್ತಲಿ. ಒಣಗಿದ ಮೇಲೆ ಕಾಗದ ಚೆಂಡೆಯ ಮುಚ್ಚಿಗೆಯಂತೆ ಬಿಗಿದುಕೊಳ್ಳುತ್ತದೆ. ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತದೆ. ಬಾಣ ತಾಗಿದಾಗ ಡೊಜೊದ ಈ ತುದಿಯವರೆಗೂ ಕೇಳಿಸುವ ಆ ‘ಪಟ್’ ಎಂಬ ಸದ್ದು ಹುಟ್ಟುವುದು ಈ ಬಿಗಿಯಿಂದಲೇ. ತಪ್ಪಿ ಮರಳಿಗೆ ಹೊಕ್ಕರೆ ‘ದಬ್’ ಎಂಬ ಮಂದ ಸದ್ದು. ತಾನು ಅಂಟಿಸಿದ ಗುರಿ ಅಲ್ಲಿ ನಿಂತಿದೆ ಎಂದ ಮೇಲೆ ಮಗುವಿಗೆ ‘ಗಲಾಟೆ ಮಾಡಬೇಡ’ ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ. ಅದು ಸದ್ದಿಗಾಗಿ ಕಾಯುತ್ತಿರುತ್ತದೆ.

ಎರಡನೆಯದು, ನಿಮ್ಮ ಡೊಜೊದಲ್ಲಿ ಗುರಿಯ ಪಕ್ಕದಲ್ಲಿ ಕಾನ್ತೆಕಿಶೊ ಇದೆಯೇ ನೋಡಿ. ತಾಗಿತೋ ಇಲ್ಲವೋ ನೋಡುವವರು ಕೂರುವ, ಗೋಡೆಯ ಮರೆಯಿರುವ ಆ ಪುಟ್ಟ ಕೋಣೆ. ಇದ್ದರೆ ನಾಲ್ಕು ನಾಲ್ಕು ಮಕ್ಕಳನ್ನು ಒಬ್ಬ ಹಿರಿಯರ ಜೊತೆ ಅಲ್ಲಿ ಕೂರಿಸಿ. ಎಲ್ಲರೂ ಬಿಲ್ಲುಗಾರರನ್ನು ಹಿಂದಿನಿಂದ ನೋಡುತ್ತಾರೆ. ಬಾಣ ತಮ್ಮ ಕಡೆಗೆ ಬರುವುದನ್ನು ನೋಡುವುದೇ ಬೇರೆ. ದೂರದಲ್ಲಿ ಹೆದೆಯ ಠೇಂಕಾರ ಕೇಳುತ್ತದೆ, ಬಾಣ ಇನ್ನೂ ಬಂದಿರುವುದಿಲ್ಲ. ಆ ಸಣ್ಣ ಅಂತರದಲ್ಲಿ ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಗರಿಯ ಸುಂಯ್ ಸದ್ದು, ತಕ್ಷಣ ಕಾಗದ ಹರಿದ ಸದ್ದು. ನಮ್ಮಲ್ಲಿ ಒಬ್ಬ ಹುಡುಗಿ ಅಲ್ಲಿಂದ ಏಳಲು ಒಪ್ಪಲೇ ಇಲ್ಲ, ಅವಳ ಗುಂಪಿನ ಸರದಿ ಮುಗಿದರೂ ಮೂಲೆಗೆ ಒತ್ತರಿಸಿಕೊಂಡು ಕುಳಿತಳು. ಮರೆಯ ಗೋಡೆ ಗಟ್ಟಿಯಾಗಿಲ್ಲದಿದ್ದರೆ ಅಥವಾ ಅಂಥ ಕೋಣೆಯೇ ಇಲ್ಲದಿದ್ದರೆ ಈ ಯೋಚನೆಯನ್ನು ಅಲ್ಲಿಗೇ ಬಿಟ್ಟುಬಿಡಿ. ಅದಕ್ಕೆ ಬದಲಿ ವ್ಯವಸ್ಥೆ ಹುಡುಕಬೇಡಿ.

ಆಮೇಲೆ ಬಾಣ ತರುವುದು. ಎರಡು ಸಲ ಚಪ್ಪಾಳೆ, ಕೆಂಪು ಬಾವುಟ, ಈ ಕಡೆಯಿಂದ ಒಪ್ಪಿಗೆಯ ಕೂಗು. ಎಲ್ಲರೂ ಬಿಲ್ಲು ಇಳಿಸಿದ ಮೇಲೆಯೇ ಒಬ್ಬರು ಮರಳಿಗೆ ಹೋಗಬಹುದು. ಈ ಕ್ರಮವನ್ನು ಮಕ್ಕಳಿಂದಲೇ ನಡೆಸಿ. ಕೆಂಪು ಬಾವುಟ ಹಿಡಿದ ಎಂಟು ವರ್ಷದ ಹುಡುಗನಿಗೆ ಆರನೆಯ ದಾನ್‌ನ ಅಜ್ಜ ಕೂಡ ಬಿಲ್ಲು ಇಳಿಸಿ ಕಾಯಬೇಕಾಗುತ್ತದೆ. ಸುರಕ್ಷತೆಯ ಬಗ್ಗೆ ಇದಕ್ಕಿಂತ ಚೆನ್ನಾದ ಪಾಠ ನನಗೆ ತಿಳಿದಿಲ್ಲ.

ತಂದ ಬಾಣಗಳನ್ನು ಮಕ್ಕಳೇ ಬಟ್ಟೆಯಿಂದ ಒರೆಸಲಿ, ಗರಿಗೆ ಮಾತ್ರ ಬೆರಳು ತಾಗಿಸದಂತೆ. ಹಾಗೆಯೇ ಗರಿಯನ್ನು ಹತ್ತಿರದಿಂದ ನೋಡಲು ಹೇಳಿ. ನಮ್ಮ ಬಾಣಗಳು ಜೋಡಿಯಲ್ಲಿ ಬರುತ್ತವೆ: ಮೊದಲು ಬಿಡುವುದು ಹಾಯಾ, ಎರಡನೆಯದು ಒತೊಯಾ. ಎರಡರ ಗರಿಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಬಾಗಿರುತ್ತವೆ, ಆದ್ದರಿಂದ ಹಾರುವಾಗ ತಿರುಗುವ ದಿಕ್ಕೂ ವಿರುದ್ಧ. ಹತ್ತು ಬಾಣ ಕಲೆಸಿ ಇಟ್ಟು ‘ಜೋಡಿ ಹುಡುಕಿ’ ಎಂದರೆ ಸಾಕು, ಕಾಲು ಗಂಟೆ ಅವರ ತಲೆಗಳು ಮೇಲೇಳುವುದಿಲ್ಲ.

ಫಲಕದ ಮೇಲೆ ಬರೆಯುವುದನ್ನೂ ಅವರಿಗೇ ಬಿಡಿ. ತಾಗಿದರೆ ಸೊನ್ನೆ, ತಪ್ಪಿದರೆ ಅಡ್ಡಗೆರೆಗಳ ಗುರುತು. ನಡುವೆ ತಾಗಲಿ, ಅಂಚಿಗೆ ತಾಗಲಿ, ಎಲ್ಲಕ್ಕೂ ಒಂದೇ ಬೆಲೆ ಎಂಬುದು ಮಕ್ಕಳಿಗೆ ಬಹಳ ನ್ಯಾಯವಾಗಿ ಕಾಣುತ್ತದೆ.

ಇನ್ನು ನಿಮ್ಮ ಪ್ರಶ್ನೆ: ಮೊದಲು ಹೇಳುವುದೋ, ತೋರಿಸುವುದೋ? ತೋರಿಸಿ. ಯಾವ ವಿವರಣೆಯನ್ನೂ ಕೊಡದೆ ಯಾವಾತಾಷಿಯಿಂದಲೇ, ಅಂದರೆ ಹಿರಿಯರು ಆರಂಭದಲ್ಲಿ ನಡೆಸುವ ವಿಧಿಬದ್ಧ ಪ್ರಯೋಗದಿಂದಲೇ, ಆರಂಭಿಸಿ. ಬಾಣ ಬಿಡುವ ಒಬ್ಬರು, ಸಹಾಯಕರು ಇಬ್ಬರು, ಎರಡೇ ಬಾಣ. ಮಕ್ಕಳು ಕೂರುವುದಿಲ್ಲ ಎಂಬ ಹೆದರಿಕೆ ದೊಡ್ಡವರದು. ಮಕ್ಕಳನ್ನು ಎಲ್ಲರಿಗಿಂತ ಮುಂದೆ ಕೂರಿಸಿ, ಹಿಂದಿನಿಂದ ತಂದೆತಾಯಂದಿರು ಕಿವಿಯಲ್ಲಿ ವಿವರಣೆ ಪಿಸುಗುಟ್ಟದಂತೆ ಮೊದಲೇ ಕೇಳಿಕೊಳ್ಳಿ. ಹಿರಿಯರು ಎಡ ತೋಳನ್ನು ನಿಲುವಂಗಿಯಿಂದ ಹೊರತೆಗೆದು ಭುಜ ಬರಿದು ಮಾಡುವಾಗ ಒಂದಿಷ್ಟು ನಗು ಬರುತ್ತದೆ, ಬರಲಿ. ಹೆದೆ ಸೆಳೆದು ತಡೆದು ನಿಲ್ಲುವ ಹೊತ್ತಿಗೆ ನಗು ತಾನಾಗಿ ನಿಂತಿರುತ್ತದೆ. ಆದರೆ ವಿಧಿಬದ್ಧ ಪ್ರಯೋಗ ಒಂದೇ ಸಾಕು. ಅದರ ಬೆನ್ನಿಗೇ ಮೂವರು ಸೇರಿ ಒಂದೇ ಗುರಿಗೆ ಬಿಡುವ ಇನ್ನೊಂದು ದೀರ್ಘ ಪ್ರಯೋಗ ಇಡುವ ಆಸೆ ನಿಮ್ಮ ಹಿರಿಯರಿಗೆ ಬರಬಹುದು. ಮಕ್ಕಳು ಹೋದ ಮೇಲೆ ಇಟ್ಟುಕೊಳ್ಳಲಿ.

ಪ್ರಯೋಗಕ್ಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೊಡಿ: ‘ಬಾಣ ಹೋದ ಮೇಲೆ ಹೆದೆ ಎಲ್ಲಿರುತ್ತದೆ?’ ಸೆಳೆಯುವಾಗ ಮುಖದ ಕಡೆ ಇದ್ದ ಹೆದೆ, ಬಾಣ ಬಿಟ್ಟ ಕೂಡಲೇ ಬಿಲ್ಲು ಕೈಯಲ್ಲಿ ಸುತ್ತಿ, ಮುಂಗೈಯ ಆಚೆ ಬದಿಗೆ ಬಂದು ನಿಂತಿರುತ್ತದೆ. ಅದನ್ನು ಮೊದಲ ಬಾಣದಲ್ಲೇ ಕಂಡುಹಿಡಿಯುವ ಮಗು ಒಂದಾದರೂ ಇರುತ್ತದೆ, ಎರಡನೆಯ ಬಾಣಕ್ಕೆ ಎಲ್ಲರ ಕಣ್ಣೂ ಅಲ್ಲಿಯೇ. ಬಾಣ ಬಿಡುವ ಎಂಟು ಹಂತಗಳ ಹೆಸರು ಬಾಯಿಪಾಠ ಮಾಡಿಸುವುದು ಮಾತ್ರ ಖಂಡಿತ ಬೇಡ.

ಕಥೆ ಬೇಕೇ ಬೇಕು ಎಂದರೆ ಎರಡು ಇವೆ. 1185ರ ಯಾಶಿಮಾ ಯುದ್ಧದಲ್ಲಿ ಶತ್ರುಗಳ ದೋಣಿಯ ಮೇಲೆ ನೆಟ್ಟಿದ್ದ ಬೀಸಣಿಗೆಯನ್ನು ಕುದುರೆಯ ಮೇಲೆ ಕುಳಿತೇ ಹೊಡೆದ ನಾಸು ನೊ ಯೊಇಚಿಯ ಕಥೆ ಜಪಾನಿ ಮಕ್ಕಳಿಗೆ ಅಲ್ಲಿ ಇಲ್ಲಿ ಕೇಳಿ ಗೊತ್ತಿರುತ್ತದೆ. ಗುರಿಯ ಜಾಗದಲ್ಲಿ ಒಂದು ಬೀಸಣಿಗೆ ಇಟ್ಟು ಹಿರಿಯರೊಬ್ಬರು ಬಿಡಲಿ. ಇನ್ನೊಂದು ನಮ್ಮೂರಿನದು. ಸಾಂಜೂಸಾನ್ಗೆಂದೊ ದೇವಾಲಯದ ಪಡಸಾಲೆ ಸುಮಾರು 120 ಮೀಟರ್ ಉದ್ದ. ಮಾಡಿಗೆ ತಾಗದಂತೆ ಈ ತುದಿಯಿಂದ ಆ ತುದಿಗೆ ಬಾಣ ದಾಟಿಸಬೇಕು, ಒಂದು ಹಗಲು ಒಂದು ರಾತ್ರಿ. 1686ರಲ್ಲಿ ಕಿಶು ಸಂಸ್ಥಾನದ ವಾಸಾ ದಾಯ್‌ಹಾಚಿರೊ ಎಂಬ ತರುಣ 13,053 ಬಾಣ ಬಿಟ್ಟ, 8,133 ದಾಟಿದವು. ಸ್ವಲ್ಪ ದೊಡ್ಡ ಮಕ್ಕಳಿಗೆ ನಿಮಿಷಕ್ಕೆ ಎಷ್ಟು ಎಂದು ಲೆಕ್ಕ ಹಾಕಲು ಕೊಡಿ. ಒಂಬತ್ತು ಬರುತ್ತದೆ. ಆಗ ಅವರು ನಿಮ್ಮ ಹಿರಿಯರ ಒಂದು ಬಾಣಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಯೋಚಿಸುತ್ತಾರೆ, ಮತ್ತು ಏಕೆ ಇಷ್ಟು ನಿಧಾನ ಎಂದು ಕೇಳುತ್ತಾರೆ. ಆ ಪ್ರಶ್ನೆ ಬಂದರೆ ನಿಮ್ಮ ದಿನ ಸಾರ್ಥಕ. ಉತ್ತರವನ್ನು ಹಿರಿಯರೇ ಕೊಡಲಿ.


ಬೆಂಗಳೂರು ಬಿಲ್ಲುಗಾರ:

ನಮಸ್ಕಾರ ಮೇಡಂ. ನಾನು ಕ್ಯೂಡೊ ಕಲಿತವನಲ್ಲ. ಒಲಿಂಪಿಕ್ಸ್ ಮಾದರಿಯ ರಿಕರ್ವ್ ಬಿಲ್ಲಿನಲ್ಲಿ ಮಕ್ಕಳಿಗೆ ತರಬೇತಿ ಕೊಡುತ್ತೇನೆ. ಶಿರಸಿಯವರ ಮಾತುಗಳನ್ನು ಎರಡು ಸಲ ಓದಿದೆ, ಬಾವುಟದ ಉಪಾಯವನ್ನು ನಾಳೆಯಿಂದಲೇ ನಮ್ಮ ಮೈದಾನದಲ್ಲಿ ಜಾರಿಗೆ ತರುತ್ತೇನೆ. ಆದರೆ ಒಂದು ವಿಷಯದಲ್ಲಿ ಒಪ್ಪುವುದಿಲ್ಲ.

ಬಾಣ ಬಿಡಬಹುದು ಎಂದು ಬಂದ ಮಗು ಕಾಗದ ಅಂಟಿಸಿ, ಬಾಣ ಒರೆಸಿ ಮನೆಗೆ ಹೋದರೆ ಅದಕ್ಕೆ ಮೋಸವಾದಂತೆ ಅಲ್ಲವೇ? ನಮ್ಮಲ್ಲಿ ಸ್ಪರ್ಧೆಯ ದೂರ 70 ಮೀಟರ್, ಗುರಿಯ ಹಾಳೆ 122 ಸೆಂಟಿಮೀಟರ್. ಹೊಸ ಮಗುವನ್ನು ಅಲ್ಲಿ ನಿಲ್ಲಿಸುವುದಿಲ್ಲ. ದೊಡ್ಡ ಹಾಳೆಯನ್ನು ಐದಾರು ಮೀಟರ್‌ಗೆ ತಂದು, ಬಹಳ ಹಗುರ ಬಿಲ್ಲು ಕೊಟ್ಟು, ತಾನೇ ಹೂಡಿ, ತಾನೇ ಸೆಳೆದು, ತಾನೇ ಬಿಡುವಂತೆ ಮಾಡುತ್ತೇವೆ. ಮೂರು ಬಾಣ. ಮಗುವಿನ ಮುಖ ಬದಲಾಗುವುದು ಆಗ. ಸಾಲು ಕೆಟ್ಟದ್ದು ಎಂಬುದು ನಿಜ, ಆದರೆ ಅದಕ್ಕೆ ಪರಿಹಾರ ಸಾಲನ್ನು ಚಿಕ್ಕದು ಮಾಡುವುದು; ಬಾಣವನ್ನೇ ತೆಗೆದುಬಿಡುವುದಲ್ಲ.

ಕೊಡುವುದಾದರೆ ಎಲ್ಲ ಬಗೆಯ ಬಿಲ್ಲಿಗೂ ಅನ್ವಯಿಸುವ ಕೆಲವು ಎಚ್ಚರಿಕೆಗಳು. ಬಾಣ ಮಗುವಿನ ತೋಳಿನ ಅಳತೆಗಿಂತ ಉದ್ದವೇ ಇರಲಿ. ಗಿಡ್ಡ ಬಾಣವನ್ನು ಹೆಚ್ಚು ಸೆಳೆದರೆ ಮೊನೆ ಬಿಲ್ಲಿನಿಂದ ಹಿಂದಕ್ಕೆ ಬರುತ್ತದೆ, ಹಾಗೆ ಬಿಟ್ಟರೆ ಬಿಲ್ಲು ಹಿಡಿದ ಕೈಗೇ ಚುಚ್ಚುತ್ತದೆ. ಬಾಣವಿಲ್ಲದೆ ಹೆದೆ ಸೆಳೆದು ಬಿಡಲು ಯಾರಿಗೂ ಕೊಡಬೇಡಿ; ಆ ಬಲವೆಲ್ಲ ಬಿಲ್ಲಿನ ಮೇಲೆಯೇ ಬಿದ್ದು ಬಿಲ್ಲು ಮುರಿಯಬಹುದು. ಉದ್ದ ಕೂದಲು ಕಟ್ಟಿರಬೇಕು, ಕಿವಿಯೋಲೆ ತೆಗೆಸಿರಬೇಕು. ನಮ್ಮ ಕನ್ನಡದ ಹೆಣ್ಣುಮಕ್ಕಳು ಜುಮುಕಿ ಹಾಕಿಕೊಂಡು ಬರುತ್ತಾರೆ, ಅದನ್ನು ಆಹ್ವಾನ ಪತ್ರದಲ್ಲೇ ಬರೆದುಬಿಡಿ. ಬಿಲ್ಲು ಹಿಡಿದ ಮಗು ಒಂದೇ ಇರಲಿ, ಉಳಿದವರೆಲ್ಲ ಅದರ ಹಿಂದೆ.


ಯೋಕೊಹಾಮಾದ ಅಮ್ಮ:

ನಾನು ಬಿಲ್ಲು ಮುಟ್ಟಿದವಳಲ್ಲ, ನನ್ನ ಮಗನದು ಹೇಳುತ್ತೇನೆ. ಅವನಿಗೆ ಒಂಬತ್ತು ವರ್ಷ. ಮೊದಲು ಕಾಮಾಕುರಾದ ತ್ಸುರುಗಾವೊಕಾ ಹಾಚಿಮಾಂಗು ದೇಗುಲದಲ್ಲಿ ಸೆಪ್ಟೆಂಬರ್ 16ರ ಯಾಬುಸಾಮೆ ತೋರಿಸಿದೆವು. ಕುದುರೆ ಓಡುತ್ತಿರುವಾಗಲೇ ದಾರಿಯುದ್ದಕ್ಕೂ ನಿಲ್ಲಿಸಿದ ಮೂರು ಹಲಗೆಗಳಿಗೆ ಬಾಣ ಹೊಡೆಯುವುದು. ಜನಜಂಗುಳಿಯಲ್ಲಿ ಅವನಿಗೆ ಕಂಡದ್ದು ಕುದುರೆಯ ತಲೆ, ಬಿಲ್ಲುಗಾರರ ಟೋಪಿ, ಆಮೇಲೆ ಧೂಳು. ಬಿಲ್ಲಿನ ಬಗ್ಗೆ ಆಸೆ ಮಾತ್ರ ಹತ್ತಿಕೊಂಡಿತು.

ಆಮೇಲೆ ಒಂದು ಡೊಜೊದ ಪ್ರದರ್ಶನಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಬಾಣ ಬಿಡಿಸಿದರು, ಶಿರಸಿಯವರು ಹೇಳಿದ ಹಾಗೆಯೇ, ಹಿಂದಿನಿಂದ ಕೈ ಹಿಡಿದು. ಮನೆಗೆ ಬಂದು ಅವನು ಆ ಬಾಣದ ಸುದ್ದಿಯನ್ನೇ ಎತ್ತಲಿಲ್ಲ. ಅವನು ಹೇಳಿದ್ದೆಲ್ಲ ಕೈಗವಸಿನ ಬಗ್ಗೆ.

ಒಬ್ಬ ಅಜ್ಜಿ, ಎಂಬತ್ತರ ಹತ್ತಿರ ಇರಬಹುದು, ತಮ್ಮ ಕೈಗವಸು ಬಿಚ್ಚಿ ಅವನ ಕೈಗೆ ತೊಡಿಸಿದರು. ಜಿಂಕೆಯ ಚರ್ಮ, ಬಣ್ಣ ಮಾಸಿ ಹೊಗೆಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳಿನ ಭಾಗ ಮಾತ್ರ ಒಳಗೆ ಮರವಿಟ್ಟು ಗಟ್ಟಿ ಮಾಡಿದ್ದು, ಬಗ್ಗುವುದೇ ಇಲ್ಲ. ಅದರ ಬುಡದಲ್ಲಿ ಒಂದು ಸಣ್ಣ ಮೆಟ್ಟಿಲಿನಂಥ ಕಚ್ಚು, ಹೆದೆ ಕೂರುವ ಜಾಗ. ಮಗ ಅದನ್ನೇ ಮತ್ತೆ ಮತ್ತೆ ಮುಟ್ಟಿ ನೋಡಿ, ಕನ್ನಡದಲ್ಲಿ ನನ್ನನ್ನು ಕೇಳಿದ: ‘ಅಮ್ಮಾ, ಇವರು ಹೆದೆ ಎಳೆಯುವುದು ಹೆಬ್ಬೆರಳಿನಲ್ಲಾ? ಏಕಲವ್ಯನ ಹಾಗಾ?’ ಅಜ್ಜಿಗೆ ಏನೆಂದು ತಿಳಿಯುವ ಕುತೂಹಲ. ನನ್ನ ಹರಕುಮುರುಕು ಜಪಾನಿಯಲ್ಲಿ ದ್ರೋಣರು ಬಲಗೈ ಹೆಬ್ಬೆರಳನ್ನೇ ಕೇಳಿ ಪಡೆದ ಕಥೆ ಹೇಳಿದೆ. ಅವರು ತಮ್ಮ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡು, ಅಂಥ ಗುರುವೂ ಇರುತ್ತಾರೆಯೇ ಎಂದು ಕೇಳಿದರು. ಅವರಿಗೆ ಅದು ಹಳೆಯ ಕಾಲದ ಕಥೆಯಾಗಿ ಕೇಳಿಸಲಿಲ್ಲ, ದಿನವೂ ಹೆಬ್ಬೆರಳಿನಲ್ಲಿ ಹೆದೆ ಸೆಳೆಯುವವರಲ್ಲವೇ.

ಆದ್ದರಿಂದ ಕನ್ನಡದ ಮಕ್ಕಳು ಬರುವುದಿದ್ದರೆ ಕೈಗವಸು ತೋರಿಸುವುದನ್ನು ಮರೆಯಬೇಡಿ. ಏಕಲವ್ಯನ ಕಥೆ ಕೇಳಿ ಬೆಳೆದವರಿಗೆ ಅವನು ಕಳೆದುಕೊಂಡದ್ದು ಎಷ್ಟು ಎಂಬುದು ಅದನ್ನು ತೊಟ್ಟಾಗ ತಿಳಿಯುತ್ತದೆ.


ಶಿರಸಿ–ಕ್ಯೋಟೊ:

ಯೋಕೊಹಾಮಾದ ತಂಗಿ, ಆ ಅಜ್ಜಿ ನಿಮ್ಮ ಮಗನಿಗೆ ತಮ್ಮ ಕೈಗವಸು ತೊಡಿಸಿದ್ದು ಸಣ್ಣ ಮಾತಲ್ಲ. ಕೈಗವಸು ತೊಟ್ಟವರ ಕೈಯ ಆಕಾರಕ್ಕೆ ಒಗ್ಗಿರುತ್ತದೆ, ಸಾಮಾನ್ಯವಾಗಿ ಇನ್ನೊಬ್ಬರಿಗೆ ಕೊಡುವುದಿಲ್ಲ. ತ್ಸುಕುಬಾದವರು ಹಿರಿಯರನ್ನು ಮೊದಲೇ ಕೇಳಿ, ಹಳೆಯದೊಂದನ್ನು ಇದಕ್ಕೆಂದೇ ಎತ್ತಿಡುವುದು ಒಳ್ಳೆಯದು. ಮಕ್ಕಳ ಬೆವರಿನ ಕೈಗೆ ಹತ್ತಿಯ ತೆಳು ಒಳಗವಸು ಹಾಕಿಸಿ. ನಾವೂ ಹಾಗೆಯೇ ಹಾಕಿಕೊಳ್ಳುತ್ತೇವಲ್ಲ.

ಬೆಂಗಳೂರಿನವರೇ, ನಿಮ್ಮ ಆಕ್ಷೇಪ ನ್ಯಾಯವಾದದ್ದು. ಬಾಣವನ್ನು ತೆಗೆದುಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಬಿಲ್ಲಿಗೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ. ನಿಮ್ಮಲ್ಲಿ ಮಗುವಿನ ಅಳತೆಗೆ ಬಿಲ್ಲನ್ನು ಇಳಿಸಬಹುದು, ಮೂರು ಬೆರಳಿನಲ್ಲಿ ಹೆದೆ ಹಿಡಿಯಬಹುದು, ಬಾಣ ಕೂರಲು ಬಿಲ್ಲಿನ ಮೇಲೆಯೇ ಆಸರೆ ಇದೆ. ನಮ್ಮ ಬಿಲ್ಲು 221 ಸೆಂಟಿಮೀಟರ್. ಗಿಡ್ಡ ಎನ್ನುವುದೂ 212. ಹಿಡಿಯುವ ಜಾಗ ಮಧ್ಯದಲ್ಲಿಲ್ಲ, ಕೆಳಗಿನಿಂದ ಮೂರನೆಯ ಒಂದು ಪಾಲಿನಷ್ಟು ಎತ್ತರದಲ್ಲಿ. ಬಾಣ ಬಿಲ್ಲಿನ ಬಲಗಡೆ, ಎಡ ಹೆಬ್ಬೆರಳಿನ ಮೇಲೆ ಸುಮ್ಮನೆ ಕೂರುತ್ತದೆ. ಬಲಗೈಯನ್ನು ಸ್ವಲ್ಪ ಒಳಕ್ಕೆ ತಿರುಚಿ ಒತ್ತದಿದ್ದರೆ ಜಾರಿ ಬೀಳುತ್ತದೆ. ಇದನ್ನು ಅರ್ಧ ನಿಮಿಷದಲ್ಲಿ ಒಂದು ಮಗುವಿನ ಕೈಗೆ ಕಲಿಸಲಾಗುವುದಿಲ್ಲ. ಜಪಾನಿನಲ್ಲೂ ಬಹುಪಾಲು ಜನ ಬಿಲ್ಲು ಹಿಡಿಯುವುದು ಪ್ರೌಢಶಾಲೆಯ ಸಂಘಗಳಲ್ಲಿ, ಮೈ ಸಾಕಷ್ಟು ಬೆಳೆದ ಮೇಲೆ.

ಹಾಗಾಗಿ ನಮ್ಮಲ್ಲಿ ಹೀಗೆ ಮಾಡುತ್ತೇವೆ. ಹತ್ತು ದಾಟಿದ ಮಕ್ಕಳಿಗೆ ಮಾತ್ರ ಮಾಕಿವಾರಾ. ಡೊಜೊದಲ್ಲಿರುವ ಅತ್ಯಂತ ಹಗುರ ಬಿಲ್ಲು, ಹುಲ್ಲಿನ ಕಂತೆ ಮಗುವಿನ ಭುಜದ ಎತ್ತರಕ್ಕೆ ಇಳಿಸಿದ್ದು, ಹಿಂದೆ ಬಲೆ. ದೊಡ್ಡವರು ಬಿಲ್ಲಿನ ಮೇಲ್ತುದಿಯನ್ನು ಮಾತ್ರ ಓಲಾಡದಂತೆ ಹಿಡಿಯುತ್ತಾರೆ. ಮಗುವಿನ ಕೈ ಮುಟ್ಟುವುದಿಲ್ಲ. ಪೂರ್ತಿ ಸೆಳೆಯಬೇಕಿಲ್ಲ. ಎರಡು ಮೀಟರ್ ದೂರದ ಹುಲ್ಲಿಗೆ ಅರ್ಧ ಸೆಳೆದರೂ ಬಾಣ ಹೊಕ್ಕು ನಿಲ್ಲುತ್ತದೆ. ಆ ಬಾಣ ಮಗುವಿನದು, ಅಷ್ಟು ಸಾಕು. ಬೇರೆ ಮಕ್ಕಳು ಆ ಹೊತ್ತಿನಲ್ಲಿ ಅವರವರ ಕೆಲಸದಲ್ಲಿರುತ್ತಾರೆ, ಸಾಲು ಬೆಳೆಯುವುದಿಲ್ಲ. ನಿಮ್ಮ ಚಿಂತೆಗೂ ನನ್ನ ಚಿಂತೆಗೂ ಇದೇ ಉತ್ತರ ಎಂದು ನನಗೆ ಅನ್ನಿಸುತ್ತದೆ.

ಚಿಕ್ಕವರಿಗೆ ಗೊಮುಯುಮಿ, ಅಂದರೆ ಹಿಡಿಕೆಯ ಕೋಲಿಗೆ ರಬ್ಬರ್ ನಳಿಕೆ ಕಟ್ಟಿದ ಅಭ್ಯಾಸದ ಬಿಲ್ಲು. ಬಾಣವಿಲ್ಲ, ಅಪಾಯವಿಲ್ಲ. ಕಾಲು ಅಗಲಿಸುವುದರಿಂದ ಹಿಡಿದು ತಲೆಯ ಮೇಲೆತ್ತಿ, ಎರಡೂ ಕೈ ಬಿಡಿಸುತ್ತ ಇಳಿಸಿ, ತಡೆದು, ಬಿಟ್ಟು, ಬಿಟ್ಟ ಮೇಲೂ ಹಾಗೆಯೇ ನಿಲ್ಲುವವರೆಗೆ ಪೂರ್ತಿ ಮಾಡಿಸಿ. ಬಿಟ್ಟ ತಕ್ಷಣ ಎಲ್ಲ ಮಕ್ಕಳೂ ಕೈ ಇಳಿಸಿಬಿಡುತ್ತಾರೆ. ಆಗ ‘ಬಾಣ ಇನ್ನೂ ಹೋಗುತ್ತಿದೆ, ತಾಗುವವರೆಗೂ ಕೈ ಅಲ್ಲಿಯೇ’ ಎಂದು ಹೇಳಿ ನೋಡಿ. ಇಲ್ಲದ ಬಾಣವನ್ನು 28 ಮೀಟರ್ ದೂರದವರೆಗೂ ಕಣ್ಣಿನಲ್ಲೇ ಹಿಂಬಾಲಿಸುತ್ತಾರೆ.

ತ್ಸುಕುಬಾದ ತಂಗಿ ಕೇಳಿದ ಮಾತಿಗೆ ಈಗ ಬರುತ್ತೇನೆ. ಗುರಿಗೆ ತಾಗುವುದು ಮುಖ್ಯವಲ್ಲ ಎಂದು ಮಕ್ಕಳಿಗೆ ದಯವಿಟ್ಟು ಹೇಳಬೇಡಿ. ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅಲ್ಲಿ ಗುರಿ ಇಟ್ಟಿರುವುದೇ ತಾಗಿಸಲಿಕ್ಕೆ. ‘ಬಿಡುವ ಕ್ರಮ ಸರಿಯಿದ್ದರೆ ಬಾಣ ತಾನಾಗಿ ತಾಗುತ್ತದೆ’ ಎಂದು ನಮ್ಮ ಗುರುಗಳು ಹೇಳುವುದನ್ನೇ ಅವರಿಗೂ ಹೇಳಿ. ಹಿರಿಯರು ತಪ್ಪಿಸಿದಾಗ ಮಕ್ಕಳು ಅವರ ಮುಖ ನೋಡಲಿ. ಬಾಣ ತಾಗಿದಾಗ ಹೇಗೆ ನಿಂತಿದ್ದರೋ ತಪ್ಪಿದಾಗಲೂ ಹಾಗೆಯೇ ನಿಂತು, ಹಾಗೆಯೇ ಬಾಗಿ ನಮಸ್ಕರಿಸಿ ಹೊರಡುತ್ತಾರೆ. ಇದಕ್ಕೆ ಯಾರ ವಿವರಣೆಯೂ ಬೇಡ. ನಿಮ್ಮ ಹಿರಿಯರಲ್ಲಿ ಯಾರಾದರೂ ಮಕ್ಕಳ ಮುಂದೆ ತಪ್ಪಿಸಿದೆನಲ್ಲ ಎಂದು ನೊಂದುಕೊಂಡರೆ ಇದನ್ನು ಅವರಿಗೂ ಹೇಳಿ.

ಮಗಳ ವಿಷಯ. ಕ್ಯೂಡೊದಲ್ಲಿ ಎಡಚರಿಗೆ ಬೇರೆ ಕ್ರಮವಿಲ್ಲ, ಎಲ್ಲರೂ ಎಡಗೈಯಲ್ಲೇ ಬಿಲ್ಲು ಹಿಡಿಯುತ್ತಾರೆ. ಆದರೆ ಬೇಸರಪಡುವ ಕಾರಣವೂ ಇಲ್ಲ. ಗುರಿಯ ಕಡೆಗೆ ಒತ್ತಿ ನಿಲ್ಲುವ ಕಷ್ಟದ ಕೆಲಸವೆಲ್ಲ ಎಡಗೈಯದು. ಹಿಡಿಕೆ ಹಿಡಿಯುವ ಬಗೆ ಕಲಿಯಲು ನಾವೆಲ್ಲ ವರ್ಷಗಟ್ಟಲೆ ಹೆಣಗುತ್ತೇವೆ. ಎಡಗೈ ಚುರುಕಾಗಿರುವುದು ಅವಳಿಗೆ ಅನುಕೂಲವೇ.


ತ್ಸುಕುಬಾ ಕನ್ನಡತಿ:

ಎಲ್ಲರಿಗೂ ಮನಸಾರೆ ಧನ್ಯವಾದ. ಶಿರಸಿಯ ಅಣ್ಣ ಬರೆದದ್ದನ್ನು ಜಪಾನಿಯಲ್ಲಿ ಹಿರಿಯರ ಮುಂದೆ ಓದಿದೆ. ಆರಂಭದ ಭಾಷಣ ಕೈಬಿಡುವುದಕ್ಕೆ ಅಧ್ಯಕ್ಷರು ಸ್ವಲ್ಪ ಹಿಂದೆಮುಂದೆ ನೋಡಿದರು, ಕೊನೆಗೆ ಒಪ್ಪಿದರು. ಕಾನ್ತೆಕಿಶೊ ಇದೆ, ಗೋಡೆ ಕಾಂಕ್ರೀಟಿನದು, ಕಿಟಕಿಗೆ ದಪ್ಪ ಗಾಜಿದೆ. ಹಿರಿಯರೊಬ್ಬರು ತಮ್ಮ ಹಳೆಯ ಕೈಗವಸು ತಂದುಕೊಟ್ಟಿದ್ದಾರೆ. ಕಿವಿಯೋಲೆಯ ವಿಷಯ ಆಹ್ವಾನದಲ್ಲಿ ಸೇರಿಸಿದ್ದೇನೆ. ಮಗಳಿಗೆ ಎಡಗೈಯ ಸುದ್ದಿ ಹೇಳಿದಾಗ ಪೊರಕೆ ಕಡ್ಡಿಯನ್ನು ಆ ಕ್ಷಣವೇ ಕೈ ಬದಲಿಸಿಕೊಂಡಳು.

ಒಂದು ಅನುಮಾನ ಉಳಿದಿದೆ. ಮಕ್ಕಳು ಅಂದೇ ಬೆಳಿಗ್ಗೆ ಅಂಟಿಸಿದ ಗುರಿಗೆ ಅರ್ಧ ಗಂಟೆಯಲ್ಲಿ ಬಾಣ ಬಿಟ್ಟರೆ ಕಾಗದ ಬಿಗಿದುಕೊಂಡಿರುವುದಿಲ್ಲ ಅಲ್ಲವೇ? ಆ ಸದ್ದೇ ಬರದಿದ್ದರೆ?


ಶಿರಸಿ–ಕ್ಯೋಟೊ:

ಸರಿಯಾಗಿ ಹಿಡಿದಿರಿ. ನವೆಂಬರಿನ ಒಣ ಗಾಳಿಯಲ್ಲೂ ಅರ್ಧ ಗಂಟೆ ಸಾಲದು. ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಬರಬಲ್ಲ ಮಕ್ಕಳನ್ನು ಕರೆದು ಆರೇಳು ಗುರಿಗಳನ್ನು ಅಂಟಿಸಿಸಿ. ಬಳೆಯ ಒಳಬದಿಯಲ್ಲಿ ಪೆನ್ಸಿಲಿನಿಂದ ಅವರವರ ಹೆಸರು ಬರೆಯಲಿ. ರಾತ್ರಿಯಿಡೀ ಒಳಗೆ ಮಲಗಿಸಿಡಿ, ಒಲೆಯ ಹತ್ತಿರ ಬೇಡ, ಬೇಗ ಒಣಗಿದರೆ ಅಂಚು ಬಿಟ್ಟುಕೊಳ್ಳುತ್ತದೆ. ಅಂದು ಬೆಳಿಗ್ಗೆ ಬರುವ ಮಕ್ಕಳು ಅಂಟಿಸಿದ್ದನ್ನು ಮುಂದಿನ ವಾರದ ನಿಮ್ಮ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಅದನ್ನು ಅವರಿಗೆ ಹೇಳಿಯೇ ಇಡಿ. ತೂತು ಬಿದ್ದ ಕಾಗದ ಬೇಕೆಂದವರು ಬಂದು ತೆಗೆದುಕೊಂಡು ಹೋಗಬಹುದು ಎಂದೂ ಹೇಳಿ. ನಮ್ಮಲ್ಲಿ ಹಾಗೆ ಕಾಗದ ಕೇಳಲು ಬಂದ ಇಬ್ಬರು ಹುಡುಗರು ಈಗ ಪ್ರೌಢಶಾಲೆಯ ಕ್ಯೂಡೊ ಸಂಘದಲ್ಲಿದ್ದಾರೆ.